ಹೊಸ ರಿಸೀವರ್ ಬಂದರೆ ತಂಡ ಗೆಲ್ಲುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಾರ್ಚ್ ಮಧ್ಯದಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆ ತೆರೆಯುತ್ತದೆ. ಆ ವಾರ ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾ ಕಡೆಯ ಕನ್ನಡಿಗ ಗೆಳೆಯರ ಸಂದೇಶಗಳಲ್ಲಿ ಒಂದೇ ಸಂಭ್ರಮ: "ನಮ್ಮ ತಂಡಕ್ಕೆ ಇಂಥ ರಿಸೀವರ್ ಬಂದಿದ್ದಾನೆ, ಈ ಸಲ ನೋಡಿ." ಅಲ್ಲಿಂದ ಶುರುವಾಗುವ ವಾದ ಸೆಪ್ಟೆಂಬರ್‌ವರೆಗೂ ಮುಗಿಯುವುದಿಲ್ಲ. ಆ ವಾದದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಅಂಕಿಗಳು ದಾಖಲೆಯವು, ತೀರ್ಮಾನಗಳು ನನ್ನವು.

ಮೊದಲಿಗೆ, ರಿಸೀವರ್ ಎಂದರೆ ಯಾರು?

ಇದು ಅಮೆರಿಕನ್ ಫುಟ್‌ಬಾಲ್. ಕಾಲಿನಲ್ಲಿ ಒದೆಯುವ ಆಟವಲ್ಲ. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ಮೈದಾನದ ಅಂಚಿನಿಂದ ಓಡಿಹೋದ ರಿಸೀವರ್ ಹಿಡಿಯುತ್ತಾನೆ. ಚೆಂಡಿನೊಂದಿಗೆ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಚೆಂಡು ಹಿಡಿದು ತಂಡವನ್ನು ಮುಂದೆ ಒಯ್ದ ದೂರವನ್ನು ಗಜಗಳಲ್ಲಿ ಎಣಿಸುತ್ತಾರೆ. ಎಸೆಯುವವನಿಗೆ ಸಿಗುವ ಸಮಯ ಸಾಮಾನ್ಯವಾಗಿ ಎರಡೂವರೆ ಸೆಕೆಂಡಿನ ಆಸುಪಾಸು. ಅಷ್ಟು ಹೊತ್ತು ಎದುರಾಳಿಗಳು ಅವನ ಮೈಮೇಲೆ ಬೀಳದಂತೆ ತಡೆಯುವವರು ಮುಂದಿನ ಸಾಲಿನ ಐವರು ದಢೂತಿ ಆಟಗಾರರು. ಈ ಐವರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಅವರಲ್ಲೇ ಇದೆ.

ನಮ್ಮ ತಂಡ ದೊಡ್ಡ ಮೊತ್ತ ಕೊಟ್ಟು ಹೆಸರಾಂತ ರಿಸೀವರ್‌ನನ್ನು ತಂದಿದೆ. ಇನ್ನು ಸುಧಾರಣೆ ಖಚಿತವಲ್ಲವೇ?

ಅಲ್ಲ. ಇದಕ್ಕೆ ಒಂದೇ ಬೆಲೆಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡುವುದು ಒಳ್ಳೆಯದು.

2021ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಕೆನ್ನಿ ಗೊಲಡೇ ಅವರೊಂದಿಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅವರು ಸಾಮಾನ್ಯರಲ್ಲ. 2019ರಲ್ಲಿ ಡೆಟ್ರಾಯಿಟ್ ಪರ 11 ಟಚ್‌ಡೌನ್ ಹಿಡಿದು ಇಡೀ ಲೀಗ್‌ನಲ್ಲಿ ಮೊದಲಿಗರಾಗಿದ್ದವರು. ಜೈಂಟ್ಸ್‌ಗೆ ಬಂದ ಮೊದಲ ವರ್ಷ 37 ಕ್ಯಾಚ್, 521 ಗಜ, ಟಚ್‌ಡೌನ್ ಸೊನ್ನೆ. ಹಿಂದಿನ ವರ್ಷ 16ರಲ್ಲಿ 6 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 17ರಲ್ಲಿ ನಾಲ್ಕು ಗೆದ್ದಿತು. ಎರಡನೆಯ ವರ್ಷ ಅವರು ಹಿಡಿದದ್ದು ಒಟ್ಟು ಆರೇ ಚೆಂಡು. ವಿಚಿತ್ರವೆಂದರೆ ತಂಡ ಪ್ಲೇಆಫ್ (ಋತುವಿನ ಕೊನೆಯ ನಾಕ್‌ಔಟ್ ಹಂತ) ತಲುಪಿದ್ದು ಆ ವರ್ಷವೇ. ಹೊಸ ತರಬೇತುದಾರ ಬ್ರಯನ್ ಡಾಬೋಲ್ ಅವರ ಕೈಯಲ್ಲಿ, ಗೊಲಡೇ ಬಹುಪಾಲು ಬೆಂಚಿನ ಮೇಲಿದ್ದಾಗ, ಜೈಂಟ್ಸ್ 9 ಗೆಲುವು, 7 ಸೋಲು, ಒಂದು ಸಮ ಪಡೆಯಿತು.

2022ರ ಮಾರ್ಚ್‌ನಲ್ಲಿ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ಕ್ರಿಶ್ಚಿಯನ್ ಕರ್ಕ್ ಅವರನ್ನು ತಂದಿತು. ಅದೇ ನಾಲ್ಕು ವರ್ಷ, ಮೂಲ ಮೊತ್ತ ಅದೇ 7.2 ಕೋಟಿ ಡಾಲರ್. ಕರ್ಕ್ ಅಲ್ಲಿಯವರೆಗೆ ಒಂದು ಋತುವಿನಲ್ಲೂ ಸಾವಿರ ಗಜ ಮುಟ್ಟಿರಲಿಲ್ಲ. ಲೀಗ್ ಪೂರ್ತಿ ನಕ್ಕಿತು. ಆದರೆ ಅವರು 84 ಕ್ಯಾಚ್, 1,108 ಗಜ, 8 ಟಚ್‌ಡೌನ್ ಗಳಿಸಿದರು. ಹಿಂದಿನ ವರ್ಷ ಮೂರೇ ಪಂದ್ಯ ಗೆದ್ದಿದ್ದ ತಂಡ ಒಂಬತ್ತು ಗೆದ್ದು ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ಪ್ಲೇಆಫ್‌ನಲ್ಲಿ ಚಾರ್ಜರ್ಸ್ ಎದುರು 27-0 ಹಿನ್ನಡೆಯಿಂದ ಎದ್ದು 31-30ರಲ್ಲಿ ಗೆದ್ದಿತು.

ಹೆಸರು ನೋಡಿ ಪಂದ್ಯ ಕಟ್ಟಿದವರಿಗೆ ಎರಡು ವರ್ಷವೂ ನಷ್ಟ.

ಹಾಗಾದರೆ ಜಾಗ್ವಾರ್ಸ್ ಮೇಲೆದ್ದದ್ದು ಕರ್ಕ್ ಅವರಿಂದ ಎನ್ನಬಹುದೇ?

ಇಲ್ಲಿಯೇ ಎಲ್ಲರೂ ಎಡವುವುದು. ಆ ಒಂದು ವರ್ಷದಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಬದಲಾಗದೆ ಉಳಿದದ್ದೇ ಕಡಿಮೆ. ಅರ್ಬನ್ ಮೇಯರ್ ಋತುವಿನ ನಡುವೆಯೇ ಹೊರಬಿದ್ದು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಅನುಭವವಿದ್ದ ಡಗ್ ಪೀಡರ್ಸನ್ ತರಬೇತುದಾರರಾಗಿ ಬಂದಿದ್ದರು. ಝೇ ಜೋನ್ಸ್, ಇವಾನ್ ಎಂಗ್ರಾಮ್ ಕೂಡ ಅದೇ ಬೇಸಿಗೆಯಲ್ಲಿ ಬಂದವರು. ಎಲ್ಲಕ್ಕಿಂತ ಮುಖ್ಯವಾಗಿ, ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಅವರಿಗೆ ಅದು ಎರಡನೆಯ ವರ್ಷ. ಮೊದಲ ವರ್ಷ 12 ಟಚ್‌ಡೌನ್ ಎಸೆದು 17 ಬಾರಿ ಎದುರಾಳಿಯ ಕೈಗೆ ಚೆಂಡು ಕೊಟ್ಟಿದ್ದವರು, ಎರಡನೆಯ ವರ್ಷ 25 ಟಚ್‌ಡೌನ್ ಎಸೆದು 8 ಬಾರಿ ಮಾತ್ರ ತಪ್ಪಿದರು. ಇದರಲ್ಲಿ ಕರ್ಕ್ ಪಾಲೆಷ್ಟು, ಪೀಡರ್ಸನ್ ಪಾಲೆಷ್ಟು? ತಕ್ಕಡಿಯಲ್ಲಿಟ್ಟು ತೂಗಿದಂತೆ ಹೇಳುವವರನ್ನು ನಂಬಬೇಡಿ.

ಮರುವರ್ಷ ಒಂದು ಸುಳಿವು ಸಿಕ್ಕಿತು. 2023ರಲ್ಲಿ ಜಾಗ್ವಾರ್ಸ್ 8 ಗೆದ್ದು 3 ಸೋತಿದ್ದಾಗ ಕರ್ಕ್ ಗಾಯಗೊಂಡರು. ಆ ಪಂದ್ಯವೂ ಸೇರಿ ಉಳಿದ ಆರರಲ್ಲಿ ತಂಡ ಒಂದೇ ಒಂದು ಗೆದ್ದಿತು. "ನೋಡಿದಿರಾ!" ಎಂದು ಮೇಜು ಗುದ್ದುವ ಮುನ್ನ ಇನ್ನೊಂದು ಮಾತು: ಅದೇ ಪಂದ್ಯದಲ್ಲಿ ಲಾರೆನ್ಸ್ ಅವರ ಪಾದದ ಕೀಲೂ ಉಳುಕಿತ್ತು.

ಒಬ್ಬ ರಿಸೀವರ್‌ನ ಪ್ರಭಾವವನ್ನು ಬೇರೆ ಮಾಡಿ ನೋಡಲು ಸಾಧ್ಯವೇ ಇಲ್ಲವೇ?

ಪ್ರಯೋಗಾಲಯದ ಮಟ್ಟಿಗೆ ಇಲ್ಲ. ಆದರೆ ರ‍್ಯಾಂಡಿ ಮಾಸ್ ಅವರ ವೃತ್ತಿಜೀವನ ಅದಕ್ಕೆ ಬಹಳ ಹತ್ತಿರ ಬರುತ್ತದೆ. ಈ ವಾದದಲ್ಲಿ ಆಸಕ್ತಿ ಇರುವವರು ಬೇರೇನೂ ಓದದಿದ್ದರೂ ಅವರ ನಾಲ್ಕು ವರ್ಷಗಳನ್ನು ಸಾಲಾಗಿ ಗಮನಿಸಬೇಕು.

ಮಾಸ್ 2005ರಲ್ಲಿ ಮಿನ್ನೆಸೋಟದಿಂದ ಓಕ್‌ಲೆಂಡ್ ರೈಡರ್ಸ್‌ಗೆ ಹೋದರು. ಅವರಿದ್ದಾಗ 8-8 (ಎಂಟು ಗೆಲುವು, ಎಂಟು ಸೋಲು) ಇದ್ದ ಮಿನ್ನೆಸೋಟ ಅವರಿಲ್ಲದೆ 9-7 ಆಯಿತು. ಅವರನ್ನು ಪಡೆದ ಓಕ್‌ಲೆಂಡ್ 5-11ರಿಂದ 4-12ಕ್ಕೆ ಇಳಿಯಿತು. ಮಾಸ್ ಆ ವರ್ಷ ಸಾವಿರ ಗಜ ದಾಟಿದ್ದರು ಎಂಬುದನ್ನೂ ಗಮನಿಸಿ. 2006ರಲ್ಲಿ ಅವರದು 42 ಕ್ಯಾಚ್, 553 ಗಜ. ತಂಡ 16ರಲ್ಲಿ ಎರಡೇ ಗೆದ್ದಿತು. ಕಾಲಿನ ವೇಗ ಹೋಯಿತು, ಮನಸ್ಸೂ ಹೋಯಿತು ಎಂದು ಎಲ್ಲರೂ ಷರಾ ಬರೆದರು. 2007ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಡ್ರಾಫ್ಟ್‌ನ (ಕಾಲೇಜಿನಿಂದ ಬರುವ ಹೊಸಬರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ವ್ಯವಸ್ಥೆ) ನಾಲ್ಕನೆಯ ಸುತ್ತಿನ ಒಂದು ಆಯ್ಕೆ ಕೊಟ್ಟು ಅವರನ್ನು ಕರೆದುಕೊಂಡಿತು. ಈ ದರ್ಜೆಯ ಆಟಗಾರನಿಗೆ ಅದು ಪುಡಿಗಾಸು.

ಆ ವರ್ಷ ಮಾಸ್ 98 ಕ್ಯಾಚ್, 1,493 ಗಜ, 23 ಟಚ್‌ಡೌನ್ ಗಳಿಸಿದರು. ಆ 23 ದಾಖಲೆಯಾಯಿತು. ಅದಕ್ಕೆ ಮೊದಲು ಜೆರ್ರಿ ರೈಸ್ 1987ರಲ್ಲಿ ಬರೆದ 22ರ ದಾಖಲೆಯಿತ್ತು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅವರ ಟಚ್‌ಡೌನ್ ಎಸೆತಗಳು 24ರಿಂದ 50ಕ್ಕೆ ಏರಿದವು. ತಂಡದ ಒಟ್ಟು ಅಂಕ 385ರಿಂದ 589 ಆಯಿತು. ಹದಿನಾರಕ್ಕೆ ಹದಿನಾರು ಗೆದ್ದರು. (ಸೂಪರ್ ಬೌಲ್‌ನಲ್ಲಿ ಜೈಂಟ್ಸ್ ಎದುರು 17-14ರಲ್ಲಿ ಸೋತರು, ಅದು ಬೇರೆ ನೋವು.) ಅದೇ ವರ್ಷ ವೆಸ್ ವೆಲ್ಕರ್ ಕೂಡ ತಂಡಕ್ಕೆ ಬಂದು 112 ಚೆಂಡು ಹಿಡಿದರು ಎಂಬುದನ್ನು ಮಾಸ್ ಅಭಿಮಾನಿಗಳು ಮರೆಯುತ್ತಾರೆ.

ಮುಂದೆ 2008. ಮೊದಲ ಪಂದ್ಯದಲ್ಲೇ ಬ್ರೇಡಿ ಮೊಣಕಾಲು ಹೋಯಿತು. ಮಾಸ್ ಅವರೇ, ವೆಲ್ಕರ್ ಅವರೇ, ತರಬೇತುದಾರರೂ ಅವರೇ; ಬದಲಾದದ್ದು ಎಸೆಯುವ ಕೈ. ಮ್ಯಾಟ್ ಕ್ಯಾಸೆಲ್ ಎಸೆದ ಚೆಂಡುಗಳಿಂದ ಮಾಸ್ 1,008 ಗಜ, 11 ಟಚ್‌ಡೌನ್ ಪಡೆದರು; ತಂಡ 11 ಪಂದ್ಯ ಗೆದ್ದರೂ ಪ್ಲೇಆಫ್‌ಗೆ ಹೋಗಲಿಲ್ಲ. ಮೂರು ಊರು, ಒಬ್ಬನೇ ಆಟಗಾರ, ಮೂರು ಬೇರೆ ಬೇರೆ ಫಲ. ನನ್ನ ತೀರ್ಮಾನ ಇಲ್ಲಿಂದಲೇ ಬಂದದ್ದು: ರಿಸೀವರ್ ಒಬ್ಬ ಗುಣಕ. ತಂಡದಲ್ಲಿ ಎಸೆಯುವ ಕೈಯೂ ಅದನ್ನು ಕಾಯುವ ಸಾಲೂ ಮೊದಲೇ ಇದ್ದರೆ ಆತ ಅದನ್ನು ಹಲವು ಪಟ್ಟು ಮಾಡುತ್ತಾನೆ. ಇಲ್ಲದಿದ್ದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಆತ ಸಾವಿರದೈನೂರು ಗಜ ಗಳಿಸಿದರೆ ತಂಡ ಸುಧಾರಿಸಿದಂತಲ್ಲವೇ?

2022ರ ಲಾಸ್ ವೇಗಸ್ ರೈಡರ್ಸ್ ನೋಡಿ. ಗ್ರೀನ್ ಬೇ ತಂಡಕ್ಕೆ ಮೊದಲ ಮತ್ತು ಎರಡನೆಯ ಸುತ್ತಿನ ಆಯ್ಕೆಗಳನ್ನು ಕೊಟ್ಟು ದವಾಂಟೆ ಆಡಮ್ಸ್ ಅವರನ್ನು ತಂದರು. ಅವರು ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಅವರ ಕಾಲೇಜು ತಂಡದ ಜೊತೆಗಾರರೂ ಹೌದು. ಹೊಂದಾಣಿಕೆಯ ಕೊರತೆ ಎನ್ನುವಂತಿಲ್ಲ. ಆಡಮ್ಸ್ 100 ಕ್ಯಾಚ್, 1,516 ಗಜ, 14 ಟಚ್‌ಡೌನ್ ಗಳಿಸಿದರು. ಅವರಿಂದ ಇದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ಹಿಂದಿನ ವರ್ಷ 10-7 ಆಗಿ ಪ್ಲೇಆಫ್ ಆಡಿದ್ದ ತಂಡ 6-11 ಆಯಿತು.

ಹಿಮ್ಮುಖವಾದ ಉದಾಹರಣೆಯೂ ಇದೆ. 2020ರಲ್ಲಿ ಹ್ಯೂಸ್ಟನ್ ತನ್ನ ಶ್ರೇಷ್ಠ ರಿಸೀವರ್ ಡಿಆಂಡ್ರೆ ಹಾಪ್ಕಿನ್ಸ್ ಅವರನ್ನು ಅರಿಜೋನಕ್ಕೆ ಕೊಟ್ಟುಬಿಟ್ಟಿತು. ಅವರಿಲ್ಲದೆ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ 4,823 ಗಜ ಎಸೆದು ಲೀಗ್‌ನಲ್ಲೇ ಮೊದಲಿಗರಾದರು. ಆದರೂ ತಂಡ 10-6ರಿಂದ 4-12ಕ್ಕೆ ಕುಸಿಯಿತು. ಗಜಗಳ ಪಟ್ಟಿ ಒಂದು ದಿಕ್ಕಿಗೆ, ಗೆಲುವಿನ ಪಟ್ಟಿ ಇನ್ನೊಂದು ದಿಕ್ಕಿಗೆ ಹೋಗುವುದು ಈ ಆಟದಲ್ಲಿ ಅಪರೂಪವಲ್ಲ. ಸೋಲುತ್ತಿರುವ ತಂಡ ಅಂಕ ಹಿಂದಿರುವ ಕಾರಣಕ್ಕೇ ಹೆಚ್ಚು ಎಸೆಯುತ್ತದೆ. ಗಜಗಳು ತಾವಾಗಿ ಸೇರುತ್ತವೆ.

ಚೆಂಡು ಹಿಡಿಯದೆಯೂ ರಿಸೀವರ್ ಉಪಯೋಗಕ್ಕೆ ಬರುತ್ತಾನೆ ಎನ್ನುತ್ತಾರೆ. ಅದು ಹೇಗೆ?

ಇದು ನಿಜ, ಮತ್ತು ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ. ಒಂದು ತಂಡ ಪಂದ್ಯವೊಂದರಲ್ಲಿ ಅರವತ್ತರ ಆಸುಪಾಸು ಆಕ್ರಮಣದ ಆಟ ಆಡುತ್ತದೆ. ಅತಿ ಬೇಡಿಕೆಯ ರಿಸೀವರ್ ಕಡೆಗೂ ಚೆಂಡು ಬರುವುದು ಸುಮಾರು ಹತ್ತು ಸಲ. ಉಳಿದ ಐವತ್ತು ಸಲ ಆತ ಏನು ಮಾಡುತ್ತಾನೆ? ಓಡುತ್ತಾನೆ, ಎದುರಾಳಿ ಅವನಿಗೆ ಹೆದರುತ್ತಾನೆ.

ಆತ ನಿಜವಾಗಿಯೂ ಅಪಾಯಕಾರಿಯಾಗಿದ್ದರೆ ಎದುರು ತಂಡ ಅವನ ಮುಂದೆ ನಿಂತ ಕಾವಲುಗಾರನಾದ ಕಾರ್ನರ್‌ಬ್ಯಾಕ್‌ಗೆ ಹಿಂದಿನಿಂದ ಒಬ್ಬ ಸೇಫ್ಟಿಯನ್ನೂ (ರಕ್ಷಣೆಯ ಕೊನೆಯ ಸಾಲಿನವ) ಜೊತೆ ಮಾಡುತ್ತದೆ. ಒಬ್ಬನ ಮೇಲೆ ಇಬ್ಬರಾದರು. ಆಗ ಒಬ್ಬನ ಕಾವಲು ಇನ್ನೆಲ್ಲೋ ಕಡಿಮೆಯಾಗಬೇಕು: ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್ ಎದುರು, ಅಥವಾ ಎರಡನೆಯ ರಿಸೀವರ್ ಎದುರು. 2022ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಎ.ಜೆ. ಬ್ರೌನ್ ಬಂದು 1,496 ಗಜ ಗಳಿಸಿದಾಗ, ಅವರ ಜೊತೆಗಾರ ಡಿವಾಂಟಾ ಸ್ಮಿತ್ ಅವರ ಗಳಿಕೆ ಕುಗ್ಗಲಿಲ್ಲ. 916 ಇದ್ದದ್ದು 1,196ಕ್ಕೆ ಏರಿತು. ತಂಡ 9-8ರಿಂದ 14-3ಕ್ಕೆ ಹೋಯಿತು. ಸ್ಮಿತ್ ಅವರಿಗೂ ಅದು ಎರಡನೆಯ ವರ್ಷ, ಬೆಳೆಯುವ ವಯಸ್ಸು ಎಂಬ ತಕರಾರು ಸರಿಯೇ. ಆದರೆ ಈಗಲ್ಸ್‌ಗೆ ಮೊದಲೇ ಲೀಗ್‌ನ ಅತ್ಯುತ್ತಮ ಮುಂದಿನ ಸಾಲುಗಳಲ್ಲೊಂದು ಇತ್ತು. ಗುಣಿಸಲು ಸೊನ್ನೆಯಲ್ಲದ ಸಂಖ್ಯೆ ಕಾದು ಕೂತಿತ್ತು.

ರಿಸೀವರ್‌ನನ್ನು ಕಳೆದುಕೊಂಡ ತಂಡದ ಗತಿ ಏನು?

ಹೊಸಬನ ಬೆಲೆ ತಿಳಿಯಲು ಹಳೆಯ ಮನೆ ನೋಡುವುದು ಒಳ್ಳೆಯ ಉಪಾಯ. ಹೆಚ್ಚಿನವರು ಅದನ್ನು ಮಾಡುವುದಿಲ್ಲ.

2022ರಲ್ಲಿ ಕಾನ್ಸಸ್ ಸಿಟಿ ತಂಡವು ಲೀಗ್‌ನ ಅತಿ ವೇಗದ ಓಟಗಾರರಲ್ಲೊಬ್ಬರಾದ ಟೈರಿಕ್ ಹಿಲ್ ಅವರನ್ನು ಐದು ಡ್ರಾಫ್ಟ್ ಆಯ್ಕೆಗಳಿಗೆ ಮಯಾಮಿಗೆ ಕೊಟ್ಟಿತು. ಹಿಲ್ ಇಲ್ಲದೆ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕುಂಟುತ್ತಾರೆ ಎಂದರು. ಅವರು 5,250 ಗಜ ಎಸೆದು ಲೀಗ್‌ಗೆ ಮೊದಲಿಗರಾಗಿ ಸೂಪರ್ ಬೌಲ್ ಗೆದ್ದರು. ಮರುವರ್ಷ ಮತ್ತೆ ಗೆದ್ದರು. ಮಯಾಮಿಯಲ್ಲಿ ಹಿಲ್ 119 ಕ್ಯಾಚ್, 1,710 ಗಜ ಗಳಿಸಿದರು. ತಂಡ? ಹಿಂದಿನ ವರ್ಷ 9-8, ಆ ವರ್ಷವೂ 9-8. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಹಿಲ್ ಅವರಿಗೆ ಮೋಸ. ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ಆರಂಭಿಸಿದ 13 ಪಂದ್ಯಗಳಲ್ಲಿ ತಂಡ 8 ಗೆದ್ದಿತು. ಅವರು ಆರಂಭಿಸದ ನಾಲ್ಕರಲ್ಲಿ ಒಂದು.

ಮಿನ್ನೆಸೋಟದ ಕಥೆ ಇನ್ನೂ ರಂಜಕ. 2020ರಲ್ಲಿ ಸ್ಟೆಫಾನ್ ಡಿಗ್ಸ್ ಅವರನ್ನು ಬಫಲೋಗೆ ಕೊಟ್ಟು ಪಡೆದ ಆಯ್ಕೆಯಲ್ಲಿ ಅವರು ಜಸ್ಟಿನ್ ಜೆಫರ್ಸನ್ ಅವರನ್ನು ಆರಿಸಿದರು. ಆ ಹುಡುಗ ಮೊದಲ ವರ್ಷವೇ 1,400 ಗಜ ಗಳಿಸಿದ. ಡಿಗ್ಸ್ 127 ಕ್ಯಾಚ್, 1,535 ಗಜಗಳೊಂದಿಗೆ ಎರಡರಲ್ಲೂ ಲೀಗ್‌ಗೆ ಮೊದಲಿಗರಾದರು. ಬಫಲೋದ ಜೋಶ್ ಆಲೆನ್ ಅವರ ಗುರಿ ಮುಟ್ಟಿದ ಎಸೆತಗಳು ಶೇ. 58.8ರಿಂದ ಶೇ. 69.2ಕ್ಕೆ ಏರಿದವು, ತಂಡ 10-6ರಿಂದ 13-3 ಆಯಿತು. ಇಬ್ಬರಿಗೂ ಲಾಭವಾದ ಅಪರೂಪದ ವ್ಯವಹಾರ ಎನ್ನುತ್ತಾರೆ. ದೀರ್ಘಕಾಲದಲ್ಲಿ ಹೌದು. ಆ ವರ್ಷ ಮಾತ್ರ ಮಿನ್ನೆಸೋಟ 10-6ರಿಂದ 7-9ಕ್ಕೆ ಇಳಿದಿತ್ತು.

ಎ.ಜೆ. ಬ್ರೌನ್ ಅವರನ್ನು ಬಿಟ್ಟುಕೊಟ್ಟ ಟೆನೆಸ್ಸಿ 12-5ರಿಂದ 7-10 ಆಯಿತು. ಡಿಸೆಂಬರ್‌ನಲ್ಲಿ ಬ್ರೌನ್ ತಮ್ಮ ಹಳೆಯ ತಂಡದ ಎದುರೇ ಎರಡು ಟಚ್‌ಡೌನ್ ಹಿಡಿದರು. ಎರಡು ದಿನಗಳಲ್ಲಿ ಟೆನೆಸ್ಸಿಯ ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು.

ಇದು ಐಪಿಎಲ್ ಹರಾಜಿನಂತೆಯೇ ಅಲ್ಲವೇ?

ಮೇಲ್ನೋಟಕ್ಕೆ ಮಾತ್ರ. ಬ್ಯಾಟರ್ ಹೊಡೆದ ರನ್ ನೇರವಾಗಿ ಫಲಕಕ್ಕೆ ಹೋಗುತ್ತದೆ. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ. ಅಷ್ಟಿದ್ದೂ 2016ರಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದ ವರ್ಷ ಆರ್‌ಸಿಬಿ ಫೈನಲ್‌ನಲ್ಲಿ ಎಂಟು ರನ್‌ಗಳಿಂದ ಸೋತದ್ದನ್ನು ನಾವು ನೋಡಿದ್ದೇವೆ. ರಿಸೀವರ್‌ನದು ಅದಕ್ಕಿಂತ ಪರಾವಲಂಬಿ ಬದುಕು. ಆತನಿಗೆ ಚೆಂಡು ತಲುಪುವ ಮುನ್ನ ಐವರು ತಡೆಯಬೇಕು, ಒಬ್ಬ ನೋಡಬೇಕು, ಎಸೆಯಬೇಕು.

ಹಣದ ವಿಷಯಕ್ಕೆ ಬಂದರೆ? ಮಾಲೀಕರದು ತಾನೇ, ನಮಗೇನು?

ಮಾಲೀಕರ ಹಣವಾದರೂ ಅದಕ್ಕೆ ಮಿತಿ ಇದೆ. 1994ರಿಂದ ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡದ ವೇತನಕ್ಕೆ ಗರಿಷ್ಠ ಮಿತಿ ಉಂಟು. 2022ರಲ್ಲಿ ಅದು 20.82 ಕೋಟಿ ಡಾಲರ್ ಇತ್ತು. ಅಷ್ಟರಲ್ಲಿ 53 ಜನರ ಪಟ್ಟಿ ತುಂಬಬೇಕು. ಒಬ್ಬ ರಿಸೀವರ್‌ಗೆ ಹೆಚ್ಚು ಕೊಟ್ಟರೆ ಮುಂದಿನ ಸಾಲಿನಲ್ಲಿ ಒಬ್ಬ ಅಗ್ಗದವನನ್ನು ನಿಲ್ಲಿಸಬೇಕಾಗಬಹುದು, ಮತ್ತು ಅವನೇ ಎಸೆಯುವವನ ಮೈಮೇಲೆ ಎದುರಾಳಿಯನ್ನು ಬಿಟ್ಟುಕೊಡಬಹುದು. ಆಟಗಾರನನ್ನು ಮಧ್ಯದಲ್ಲಿ ಕೈಬಿಟ್ಟರೂ ಮುಂಗಡವಾಗಿ ಕೊಟ್ಟ ಬೋನಸ್‌ನ ಉಳಿದ ಕಂತು ಮಿತಿಯ ಲೆಕ್ಕದಲ್ಲಿ ಕೂತೇ ಇರುತ್ತದೆ. ಗೊಲಡೇ ಅವರನ್ನು 2023ರಲ್ಲಿ ಬಿಟ್ಟ ಮೇಲೂ ಜೈಂಟ್ಸ್ ಅವರ ಲೆಕ್ಕ ಹೊತ್ತುಕೊಂಡೇ ಇತ್ತು.

ವಯಸ್ಸಾದ ತಾರೆಯನ್ನು ಒಂದು ವರ್ಷಕ್ಕೆ ತರುವುದು ಸುರಕ್ಷಿತವಲ್ಲವೇ?

ಹಣದ ದೃಷ್ಟಿಯಿಂದ ಹೌದು. 2009ರಲ್ಲಿ ಡಲ್ಲಾಸ್ ಕೈಬಿಟ್ಟ ಟೆರೆಲ್ ಓವೆನ್ಸ್ ಅವರಿಗೆ ಬಫಲೋ ಒಂದು ವರ್ಷಕ್ಕೆ 65 ಲಕ್ಷ ಡಾಲರ್ ಕೊಟ್ಟಿತು. ಅವರಿಗೆ ಆಗ 35. ಊರಿನ ಸಂಭ್ರಮ ಹೇಳತೀರದು. ಅದೇ ಬೇಸಿಗೆಯಲ್ಲಿ ತಂಡವು ತನ್ನ ಅತ್ಯುತ್ತಮ ಎಡ ಟ್ಯಾಕಲ್ (ಮುಂದಿನ ಸಾಲಿನ ಎಡ ಅಂಚನ್ನು ಕಾಯುವವರು) ಜೇಸನ್ ಪೀಟರ್ಸ್ ಅವರನ್ನು ಈಗಲ್ಸ್‌ಗೆ ಕೊಟ್ಟಿತು, ಋತು ಶುರುವಾಗುವ ಕೆಲವೇ ದಿನಗಳ ಮೊದಲು ಆಕ್ರಮಣದ ತರಬೇತುದಾರರನ್ನು ತೆಗೆದುಹಾಕಿತು, ಮುಂದಿನ ಸಾಲಿನಲ್ಲಿ ಇಬ್ಬರು ಹೊಸ ಹುಡುಗರನ್ನು ನಿಲ್ಲಿಸಿತು. ಓವೆನ್ಸ್ 829 ಗಜ ಗಳಿಸಿದರು. ತಂಡ 7-9ರಿಂದ 6-10 ಆಯಿತು. ವಯಸ್ಸನ್ನು ದೂರಿದವರೇ ಹೆಚ್ಚು. ನಾನು ಆ ಸಾಲನ್ನು ದೂರುತ್ತೇನೆ.

ಋತುವಿನ ನಡುವೆ ಬಂದವನು ಹೊಂದಿಕೊಳ್ಳಬಲ್ಲನೇ?

ಕೆಲವೊಮ್ಮೆ, ನಿಧಾನವಾಗಿ. 2021ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಓಡೆಲ್ ಬೆಕ್‌ಹ್ಯಾಮ್ ಜೂನಿಯರ್ ಅವರನ್ನು ತಂದಾಗ ಅದು ದುಂದುವೆಚ್ಚದಂತೆ ಕಂಡಿತ್ತು. ಮರುದಿನವೇ ಅಭ್ಯಾಸದಲ್ಲಿ ಅದೇ ತಂಡದ ರಿಸೀವರ್ ರಾಬರ್ಟ್ ವುಡ್ಸ್ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಬೆಕ್‌ಹ್ಯಾಮ್ ಆಡಿದ ಮೊದಲ ಎರಡು ಪಂದ್ಯ ಸೋಲು. ಆಮೇಲೆ ಲಯ ಕೂಡಿತು. ಸೂಪರ್ ಬೌಲ್‌ನ ಮೊದಲ ಟಚ್‌ಡೌನ್ ಅವರದೇ. ಆದರೆ ಆ ವರ್ಷ 1,947 ಗಜ ಗಳಿಸಿದ ಕೂಪರ್ ಕಪ್ ಪಕ್ಕದಲ್ಲಿದ್ದರು. ಎರಡನೆಯವನಾಗಿ ಬಂದವನಿಗೆ ಹೊಂದಿಕೊಳ್ಳುವುದು ಸುಲಭ.

ಜಗಳಗಂಟ ಎಂಬ ಹೆಸರಿದ್ದರೆ ದೂರವಿಡಬೇಕೇ?

ಮತ್ತೆ ಓವೆನ್ಸ್. ಮೂರು ವರ್ಷ ಸತತವಾಗಿ ಸೂಪರ್ ಬೌಲ್ ಬಾಗಿಲಲ್ಲಿ ಎಡವಿದ್ದ ಈಗಲ್ಸ್ 2004ರಲ್ಲಿ ಅವರು ಬಂದ ಮೇಲೆ 13-3 ಆಗಿ ಸೂಪರ್ ಬೌಲ್ ಆಡಿತು. ಡಿಸೆಂಬರ್‌ನಲ್ಲಿ ಕಾಲಿನ ಮೂಳೆ ಮುರಿದಿದ್ದರೂ ಅವರು ಆ ಪಂದ್ಯದಲ್ಲಿ 122 ಗಜ ಗಳಿಸಿದರು. ಅಲ್ಲಿಗೆ ಕರೆದೊಯ್ದ ಎರಡು ಪ್ಲೇಆಫ್ ಪಂದ್ಯಗಳನ್ನು ತಂಡ ಅವರಿಲ್ಲದೆಯೇ ಗೆದ್ದಿತ್ತು ಎಂಬುದು ಬೇರೆ ಮಾತು. ಮರುವರ್ಷ ಒಪ್ಪಂದದ ತಕರಾರು, ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನ್ಯಾಬ್ ಜೊತೆ ಬಹಿರಂಗ ಕಲಹ, ಏಳು ಪಂದ್ಯಗಳ ನಂತರ ಅಮಾನತು, ತಂಡ 6-10. ಒಂದು ವರ್ಷದ ಸೂಪರ್ ಬೌಲ್‌ಗೆ ಈ ಬೆಲೆ ಕೊಡಬಹುದೇ ಎಂದು ಕೇಳಿದರೆ ನಾನು ಕೊಡುತ್ತೇನೆ ಎನ್ನುವವನು. ಫಿಲಡೆಲ್ಫಿಯಾದಲ್ಲಿ ಹುಟ್ಟಿ ಬೆಳೆದವರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು.

ಹಾಗಾದರೆ ಸಹಿ ಬಿದ್ದ ದಿನ ಏನನ್ನು ನೋಡಿ ಅಂದಾಜು ಮಾಡಬೇಕು?

ಮೊದಲು ಕ್ವಾರ್ಟರ್‌ಬ್ಯಾಕ್ ಯಾರು, ಆತ ಏರುಮುಖದಲ್ಲಿದ್ದಾನೆಯೇ ಎಂದು ನೋಡಿ. ಆಲೆನ್ ಅವರಿಗೆ ಡಿಗ್ಸ್, ಲಾರೆನ್ಸ್ ಅವರಿಗೆ ಕರ್ಕ್ ಬಂದದ್ದು ಅಂಥ ಹೊತ್ತಿನಲ್ಲಿ. ಆಮೇಲೆ ಮುಂದಿನ ಸಾಲು: ಕಳೆದ ವರ್ಷದ ಐವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಹೊಸಬ ಯಾವ ಜಾಗದಲ್ಲಿ ಆಡುತ್ತಾನೆ ಎಂಬುದೂ ಮುಖ್ಯ. ಕರ್ಕ್ ಹೆಚ್ಚಾಗಿ ಸ್ಲಾಟ್‌ನಲ್ಲಿ, ಅಂದರೆ ಸಾಲಿನ ಅಂಚಿನಿಂದ ಒಳಗೆ ಸರಿದು ನಿಂತು, ಎದುರಾಳಿಯಿಂದ ಬೇಗ ಬಿಡಿಸಿಕೊಂಡು ಚುಟುಕು ಎಸೆತ ಹಿಡಿಯುವವರು. ಅನನುಭವಿ ಎಸೆತಗಾರನಿಗೆ ಅದು ವರ. ಗೊಲಡೇ ಅಂಚಿನಲ್ಲಿ ಮೈಗೆ ಮೈ ತಾಗಿಸಿ, ಎತ್ತರಕ್ಕೆ ಜಿಗಿದು ಹಿಡಿಯುವವರು. ಅಂಥವರಿಗೆ ಒಬ್ಬ ಧೈರ್ಯಸ್ಥ ಎಸೆತಗಾರ ಬೇಕು, ಎಸೆಯಲು ಸಮಯ ಕೊಡುವ ಸಾಲೂ ಬೇಕು. 2021ರ ಜೈಂಟ್ಸ್‌ನಲ್ಲಿ ಎರಡೂ ಇರಲಿಲ್ಲ.

ಗಾಯದ ಇತಿಹಾಸವನ್ನು ಕಣ್ಣಾಡಿಸಿ ಬಿಡಿ. ಅದರಿಂದ ಭವಿಷ್ಯ ಹೇಳಲು ಹೋದವರು ಹೆಚ್ಚಾಗಿ ಸೋತಿದ್ದಾರೆ.

ಭಾರತದಿಂದ ಪಂದ್ಯ ನೋಡುವವರು ಇದನ್ನೆಲ್ಲ ಗಮನಿಸುವುದು ಹೇಗೆ?

ಭಾನುವಾರದ ಮೊದಲ ಸುತ್ತಿನ ಪಂದ್ಯಗಳು ನಮ್ಮ ಸಮಯ ರಾತ್ರಿ 10.30ಕ್ಕೆ, ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಬದಲಾದ ಮೇಲೆ 11.30ಕ್ಕೆ ಶುರುವಾಗುತ್ತವೆ. ಸೂಪರ್ ಬೌಲ್ ಸೋಮವಾರ ಬೆಳಗಿನ ಐದರ ಹೊತ್ತಿಗೆ. ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ. ಆಟ ಶುರುವಾಗುವ ಮುನ್ನ ಹಿಂದೆ ನಿಂತಿರುವ ಇಬ್ಬರು ಸೇಫ್ಟಿಗಳಲ್ಲಿ ಒಬ್ಬ ಹೊಸ ರಿಸೀವರ್ ಇರುವ ಬದಿಗೆ ವಾಲಿದ್ದಾನೆಯೇ ಎಂದು ನೋಡಿ. ಟಿವಿ ಕ್ಯಾಮೆರಾ ಅವರನ್ನು ಬಹಳ ಸಲ ಚೌಕಟ್ಟಿನಿಂದ ಹೊರಗಿಟ್ಟುಬಿಡುತ್ತದೆ. ಆಗ ಮರುಪ್ರಸಾರದ ಎತ್ತರದ ದೃಶ್ಯಕ್ಕೆ ಕಾಯಿರಿ. ಅಕ್ಟೋಬರ್ ಬಂದರೂ ಎದುರಾಳಿಗಳು ಆತನನ್ನು ಒಬ್ಬನೇ ಕಾರ್ನರ್‌ಬ್ಯಾಕ್‌ಗೆ ಬಿಟ್ಟಿದ್ದಾರೆ ಎಂದರೆ, ಆತನ ಬಗ್ಗೆ ಅವರು ಏನೆಂದುಕೊಂಡಿದ್ದಾರೆ ಎಂಬುದು ನಿಮಗೆ ಗೊತ್ತಾದಂತೆ.